ಹೆಸರು ಮರೆಮಾಡಿ ಮನೆ ತೋರಿಸುವ ಸುದ್ದಿ

ಹಾಸನದ ಓದುಗಿ (ಚರ್ಚೆ ಆರಂಭಿಸಿದವರು)

ಸದಸ್ಯರೆಲ್ಲರಿಗೂ ನಮಸ್ಕಾರ. 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಅತ್ಯಾಚಾರ ಪ್ರಕರಣವೊಂದರಲ್ಲಿ ಅಪರಾಧಿ ಎಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ತೀರ್ಪಿನ ಗುಣದೋಷ ಇಲ್ಲಿ ಬೇಡ, ಪಕ್ಷಗಳ ಜಗಳವಂತೂ ಬೇಡವೇ ಬೇಡ. ಆ ಎರಡು ದಿನ ಸುದ್ದಿ ವಾಹಿನಿಗಳನ್ನೂ ಪತ್ರಿಕೆಗಳ ಜಿಲ್ಲಾ ಪುಟಗಳನ್ನೂ ನೋಡಿದಾಗಿನಿಂದ ನನ್ನಲ್ಲಿ ಉಳಿದಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸಂತ್ರಸ್ತೆಯ ಹೆಸರನ್ನು ಯಾರೂ ಹೇಳಲಿಲ್ಲ. ಆದರೆ ಆಕೆ ಯಾವ ತಾಲ್ಲೂಕಿನವರು, ಏನು ಕೆಲಸ ಮಾಡುತ್ತಿದ್ದರು, ಎಲ್ಲಿ ಮಾಡುತ್ತಿದ್ದರು, ವಯಸ್ಸೆಷ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬುದನ್ನೆಲ್ಲ ಒಬ್ಬರಲ್ಲ ಒಬ್ಬರು ಹೇಳಿದರು. ಆ ವಿವರಗಳನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ, ದಯವಿಟ್ಟು ನೀವೂ ಬರೆಯಬೇಡಿ. ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಅವು ಬಿಡಿಬಿಡಿ ಸಂಗತಿಗಳು. ನಮ್ಮ ಕಡೆಯ ಇನ್ನೂರು ಮುನ್ನೂರು ಮನೆಗಳ ಊರಿನಲ್ಲಿ ಅಷ್ಟು ಹೇಳಿದ ಮೇಲೆ ಹೆಸರಿಗೆ ಏನೂ ಕೆಲಸ ಉಳಿದಿರುವುದಿಲ್ಲ. ಹಾಲಿನ ಡೇರಿಯ ಮುಂದೆ ನಿಂತವರಿಗೆಲ್ಲ ಅದು ಯಾರ ಮನೆಯ ವಿಷಯ ಎಂದು ತಿಳಿದುಬಿಟ್ಟಿರುತ್ತದೆ.

ಇದಕ್ಕೂ ಮೊದಲಿನದನ್ನು ನೆನೆದರೆ ಇನ್ನೂ ಕಷ್ಟವಾಗುತ್ತದೆ. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು ಅಂದಿನ ಸಂಸದರದ್ದು ಎನ್ನಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ನಮ್ಮ ಜಿಲ್ಲೆಯಲ್ಲಿ ಹರಿದಾಡಿದವು. ಹಂಚಿದವರು ಆ ದೃಶ್ಯಗಳಲ್ಲಿದ್ದ ಮಹಿಳೆಯರ ಮುಖವನ್ನು ಮಸುಕುಗೊಳಿಸುವ ಗೋಜಿಗೂ ಹೋಗಿರಲಿಲ್ಲ. ಸರ್ಕಾರ ರಚಿಸಿದ ವಿಶೇಷ ತನಿಖಾ ತಂಡವು ಮೇ ತಿಂಗಳಲ್ಲಿ, ಈ ವಿಡಿಯೊಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ ಎಂದು ಎಚ್ಚರಿಸಬೇಕಾಯಿತು. ಅಷ್ಟರಲ್ಲಿ ಕೆಲವು ಹೆಂಗಸರು ಮನೆ ಬಿಟ್ಟು ಹೋಗಿದ್ದಾರೆಂಬ ವರದಿಗಳು ಬಂದಿದ್ದವು. ಅವರಲ್ಲಿ ಯಾರೂ ಯಾವ ಠಾಣೆಗೂ ಹೋಗಿ ತಮ್ಮ ಕಥೆಯನ್ನು ಲೋಕಕ್ಕೆ ಹೇಳಿ ಎಂದು ಕೇಳಿಕೊಂಡಿರಲಿಲ್ಲ. ಮೇ 30ರಂದು ನಾಡಿನ ಬೇರೆ ಬೇರೆ ಸಂಘಟನೆಗಳವರು ‘ಹಾಸನ ಚಲೋ’ ಎಂದು ನಮ್ಮೂರಿಗೆ ಬಂದಾಗ, ರಸ್ತೆಯ ಬದಿಯಲ್ಲಿ ನಿಂತು ನೋಡಿದ ಎಷ್ಟೋ ಹೆಂಗಸರು ಮೆರವಣಿಗೆಗೆ ಇಳಿಯಲಿಲ್ಲ. ಇಳಿದರೆ ‘ಇವಳೂ ಒಬ್ಬಳಿರಬಹುದು’ ಎಂಬ ಮಾತು ಹುಟ್ಟುತ್ತದೆ ಎಂಬ ಭಯ ಅವರದು.

ನನ್ನ ಪ್ರಶ್ನೆ ಇಷ್ಟು: ಹಿಂಸೆಗೊಳಗಾದ ಹೆಣ್ಣಿನ ಗುರುತನ್ನು ಕಾಪಾಡಲು ಕಾನೂನಿದೆ ಎಂದು ಎಲ್ಲರೂ ಹೇಳುತ್ತಾರೆ. ಆ ಕಾನೂನು ಹೆಸರಿನ ನಾಲ್ಕು ಅಕ್ಷರಗಳಿಗೆ ಮಾತ್ರ ಅನ್ವಯಿಸುತ್ತದೆಯೇ? ತಿಳಿದವರು ಹೇಳಬೇಕು.

ಧಾರವಾಡದ ವಕೀಲೆ

ಅಕ್ಕಾ, ಕಾನೂನು ನೀವು ಹೇಳಿದ್ದಕ್ಕಿಂತ ಬಹಳ ಅಗಲವಾಗಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 228ಎ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 72ನೆಯ ಕಲಂ ಆಗಿ ಮುಂದುವರಿದಿದೆ. ಹೆಸರನ್ನಾಗಲಿ, ಗುರುತು ಸಿಗುವಂತೆ ಮಾಡುವ ಯಾವುದೇ ಸಂಗತಿಯನ್ನಾಗಲಿ ಮುದ್ರಿಸಿದರೆ ಅಥವಾ ಪ್ರಕಟಿಸಿದರೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಎಂಬುದು ಎರಡರಲ್ಲೂ ಇರುವ ಮಾತು. 2018ರ ಡಿಸೆಂಬರ್ 11ರಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ದೂರದ ಸುಳಿವಿನಿಂದಲೂ ಸಂತ್ರಸ್ತೆ ಯಾರೆಂದು ಸಾರ್ವಜನಿಕರಿಗೆ ತಿಳಿಯುವಂತಹ ಯಾವ ಸಂಗತಿಯನ್ನೂ ಪತ್ರಿಕೆ, ದೂರದರ್ಶನ, ಸಾಮಾಜಿಕ ಜಾಲತಾಣ, ಎಲ್ಲಿಯೂ ಹಾಕುವಂತಿಲ್ಲ ಎಂದಿತು. ಸಂತ್ರಸ್ತೆ ತೀರಿಕೊಂಡಿದ್ದರೂ, ಹತ್ತಿರದ ಬಂಧುಗಳು ಒಪ್ಪಿದರೂ, ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ಹೆಸರು ಹೊರಗೆ ಬರಬಾರದು ಎಂದೂ ಹೇಳಿತು. ಇಂತಹ ಪ್ರಕರಣಗಳ ಎಫ್‌ಐಆರ್ ಪ್ರತಿಯನ್ನು ಪೊಲೀಸರು ಸಾರ್ವಜನಿಕವಾಗಿ ಇಡಬಾರದು ಎಂಬುದೂ ಅದೇ ತೀರ್ಪಿನಲ್ಲಿದೆ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೆಯ ಕಲಂ ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಂದು ಹೆಸರಿಟ್ಟೇ ಹೇಳುತ್ತದೆ, ಮತ್ತು ತಪ್ಪಿದರೆ ವರದಿಗಾರನೊಂದಿಗೆ ಪ್ರಕಾಶಕನನ್ನೂ ಮಾಲೀಕನನ್ನೂ ಹೊಣೆಗಾರರನ್ನಾಗಿ ಮಾಡುತ್ತದೆ. ‘ನೆರೆಹೊರೆ’ ಎಂಬುದನ್ನು ಗಮನಿಸಿ. ನೀವು ಹಾಲಿನ ಡೇರಿಯ ಮುಂದೆ ಕಂಡದ್ದನ್ನೇ ಶಾಸಕಾಂಗವೂ ಕಂಡಿದೆ.

ಕಾನೂನಿದ್ದೂ ಆಗುತ್ತಿರುವುದೇನು? ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಮಗುವಿನ ಹೆಸರು ಮತ್ತು ಭಾವಚಿತ್ರ ಪ್ರಕಟಿಸಿದ ಮಾಧ್ಯಮ ಸಂಸ್ಥೆಗಳಿಗೆ 2018ರಲ್ಲಿ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು. ಅದು ದೊಡ್ಡ ಸುದ್ದಿಯಾಯಿತು. ಅದಾಗಿ ಆರು ವರ್ಷಕ್ಕೆ, 2024ರ ಆಗಸ್ಟ್ 20ರಂದು, ಕೋಲ್ಕತ್ತದ ಆರ್.ಜಿ.ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವೈದ್ಯೆಯ ಹೆಸರು, ಚಿತ್ರ, ವಿಡಿಯೊಗಳನ್ನು ಜಾಲತಾಣಗಳಿಂದ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸಬೇಕಾಯಿತು. ಆ ಹೊತ್ತಿಗೆ ಆಕೆಯ ಹೆಸರು ಘೋಷಣೆಯಾಗಿ, ಭಿತ್ತಿಪತ್ರವಾಗಿ ದೇಶವೆಲ್ಲ ಸುತ್ತಿಬಂದಿತ್ತು. ಜಿಲ್ಲಾ ಮಟ್ಟದಲ್ಲಂತೂ ಈ ಕಲಮಿನಡಿ ಪತ್ರಿಕೆಯೊಂದರ ಮೇಲೋ ವಾಹಿನಿಯೊಂದರ ಮೇಲೋ ದೂರು ದಾಖಲಾಗಿ ಅದು ವಿಚಾರಣೆಯವರೆಗೆ ಬಂದದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ದೂರು ಕೊಡಬೇಕಾದವಳೇ ಗುರುತು ಬಯಲಾದವಳು. ಮತ್ತೊಮ್ಮೆ ಠಾಣೆಯ ಮೆಟ್ಟಿಲು ಹತ್ತಲು ಯಾರಿಗೆ ಮನಸ್ಸು ಬರುತ್ತದೆ?

ಮೈಸೂರಿನ ನಿವೃತ್ತ ಉಪಸಂಪಾದಕ

ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಇಂತಹ ಸುದ್ದಿಗಳನ್ನು ತಿದ್ದಿದವನು ನಾನು. ಗುರುತು ಎಲ್ಲಿ ಸೋರುತ್ತದೆ ಎಂಬುದನ್ನು ಒಳಗಿನಿಂದ ಹೇಳಬಲ್ಲೆ.

ಪೊಲೀಸ್ ಪ್ರಕಟಣೆ ಬರುತ್ತದೆ. ಅದರಲ್ಲಿ ಎಲ್ಲವೂ ಇರುತ್ತದೆ: ಹೆಸರು, ತಂದೆಯ ಅಥವಾ ಗಂಡನ ಹೆಸರು, ಜಾತಿ, ಊರು, ಹೋಬಳಿ, ಕಸುಬು. ತಾಲ್ಲೂಕು ವರದಿಗಾರ ಅದನ್ನು ಹಾಗೆಯೇ ಟೈಪು ಮಾಡಿ ಕಳುಹಿಸುತ್ತಾನೆ. ರಾತ್ರಿ ಪುಟ ಮುಗಿಸುವ ಗಡಿಬಿಡಿಯಲ್ಲಿ ಉಪಸಂಪಾದಕನು ಹೆಸರನ್ನು ಹೊಡೆದು ‘ಮಹಿಳೆಯೊಬ್ಬರು’ ಎಂದು ಬರೆಯುತ್ತಾನೆ. ಉಳಿದದ್ದು ಉಳಿಯುತ್ತದೆ, ಏಕೆಂದರೆ ಯಾವುದೇ ಸುದ್ದಿಗೆ ಎಲ್ಲಿ, ಯಾವಾಗ, ಯಾರು ಎಂಬುದು ಇರಲೇಬೇಕೆಂದು ನಮಗೆ ಮೊದಲ ದಿನವೇ ಕಲಿಸಿರುತ್ತಾರೆ. ಅಪಘಾತದ ಸುದ್ದಿಗೆ ಹೊಂದುವ ಈ ಪಾಠವನ್ನು ಅತ್ಯಾಚಾರದ ಸುದ್ದಿಗೂ ಹಚ್ಚುವುದರಲ್ಲಿಯೇ ತೊಂದರೆಯ ಮೂಲವಿದೆ. ಜಿಲ್ಲಾ ಆವೃತ್ತಿಗಳು ಬಂದ ಮೇಲಂತೂ ಸಮಸ್ಯೆ ಹೆಚ್ಚಿತು. ರಾಜ್ಯದ ಪುಟದಲ್ಲಿ ‘ಹಾಸನ ಜಿಲ್ಲೆಯ ಮಹಿಳೆ’ ಎಂದಿರುವ ಸುದ್ದಿಯು ಜಿಲ್ಲಾ ಪುಟಕ್ಕೆ ಬರುವಾಗ ಊರಿನ ಹೆಸರನ್ನು ಸೇರಿಸಿಕೊಂಡು ಬರುತ್ತದೆ. ಆಕೆಯನ್ನು ಕಂಡರಿಯದ ಓದುಗರಿಗೆ ಕಡಿಮೆ ವಿವರ, ಆಕೆಯ ಬೀದಿಯವರಿಗೆ ಹೆಚ್ಚು ವಿವರ.

ಇನ್ನೊಂದು ಸಂಗತಿ ‘ಸಾಂದರ್ಭಿಕ ಚಿತ್ರ’. ಮೊಣಕಾಲ ನಡುವೆ ಮುಖ ಹುದುಗಿಸಿ ಕುಳಿತ ಹುಡುಗಿ, ಗೋಡೆಯ ಮೇಲೆ ಗಂಡಸಿನ ನೆರಳು, ಅಡ್ಡ ಹಿಡಿದ ಅಂಗೈ. ಇವನ್ನು ಎಷ್ಟು ಬಾರಿ ಅಚ್ಚು ಹಾಕಿದ್ದೇವೋ ಲೆಕ್ಕವಿಲ್ಲ. ಅಪರಾಧ ಮಾಡಿದವನ ನೆರಳು, ಅನುಭವಿಸಿದವಳ ನಾಚಿಕೆ. ಒಂದು ಸಂಪಾದಕೀಯ ಸಭೆಯಲ್ಲಿ ನ್ಯಾಯಾಲಯದ ಕಟ್ಟಡದ ಚಿತ್ರ ಹಾಕೋಣವೆಂದು ನಾನು ಹೇಳಿದಾಗ ‘ಅದನ್ನು ಯಾರು ನೋಡುತ್ತಾರೆ ಸ್ವಾಮಿ’ ಎಂಬ ಉತ್ತರ ಬಂದಿತ್ತು.

ವಾಹಿನಿ ಬಿಟ್ಟ ವರದಿಗಾರ, ಬೆಂಗಳೂರು

ಹಿರಿಯರು ಹೇಳಿದ್ದನ್ನು ಒಪ್ಪುತ್ತಲೇ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಾಸನದ ವಿಷಯ ವರ್ಷಗಟ್ಟಲೆ ಜನರ ಬಾಯಲ್ಲಿತ್ತು. ಆದರೆ 2023ರ ಜೂನ್‌ನಲ್ಲಿಯೇ ಅಂದಿನ ಸಂಸದರು ತಮ್ಮ ವಿರುದ್ಧ ಸುಳ್ಳು ಸುದ್ದಿ, ತಿರುಚಿದ ವಿಡಿಯೊ ಪ್ರಸಾರ ಮಾಡಬಾರದೆಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯದಿಂದ 80ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ತಡೆಯಾಜ್ಞೆ ತಂದಿದ್ದರು. ಆಗ ನಾವು ಬರೆಯುವುದಾದರೂ ಹೇಗೆ? ದೃಶ್ಯಗಳು ಹೊರಬೀಳದೆ ಇದ್ದಿದ್ದರೆ ವಿಶೇಷ ತನಿಖಾ ತಂಡವೂ ಇರುತ್ತಿರಲಿಲ್ಲ, ಶಿಕ್ಷೆಯೂ ಇರುತ್ತಿರಲಿಲ್ಲ. ಕಣ್ಣಿಗೆ ಕಾಣುವವರೆಗೆ ಈ ದೇಶದಲ್ಲಿ ಬಡ ಹೆಂಗಸಿನ ಮಾತನ್ನು ಯಾರೂ ನಂಬುವುದಿಲ್ಲ. ಇದು ನಾನು ಹನ್ನೆರಡು ತಾಸಿನ ಪಾಳಿಗಳಲ್ಲಿ ಕಲಿತ ಸತ್ಯ.

ವಾಹಿನಿಗಳನ್ನು ಬೈಯುವುದು ಸುಲಭ. ಪ್ರತಿ ಗುರುವಾರ ಬರುವ ರೇಟಿಂಗ್ ಪಟ್ಟಿಯ ಮೇಲೆ ಜಾಹೀರಾತು, ಜಾಹೀರಾತಿನ ಮೇಲೆ ಸಂಬಳ ನಿಂತಿರುತ್ತದೆ. ಪಕ್ಕದ ವಾಹಿನಿ ದೃಶ್ಯ ತೋರಿಸುತ್ತಿರುವಾಗ ನಾವು ಕಾನೂನು ತಜ್ಞರನ್ನು ಕೂರಿಸಿಕೊಂಡರೆ ವೀಕ್ಷಕರು ನಿಲ್ಲುವುದಿಲ್ಲ. ನೋಡುವವರು ನೀವೇ ಅಲ್ಲವೇ?

ಹಾಸನದ ಓದುಗಿ

ವರದಿಗಾರರೇ, ನೀವು ಹೇಳಿದ ತಡೆಯಾಜ್ಞೆಯ ವಿಷಯ ನನ್ನ ಪ್ರಶ್ನೆಗೇ ಬಲ ಕೊಡುತ್ತದೆ. 2021ರ ಮಾರ್ಚ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಸಚಿವರೊಬ್ಬರದ್ದು ಎನ್ನಲಾದ ಅಶ್ಲೀಲ ದೃಶ್ಯಗಳ ಸಿ.ಡಿ. ಹೊರಬಂತು, ಅವರು ರಾಜೀನಾಮೆ ಕೊಟ್ಟರು. ಅದರ ಸತ್ಯಾಸತ್ಯದ ಚರ್ಚೆ ಇಲ್ಲಿ ಬೇಡ. ಅದಾದ ಎರಡು ಮೂರು ದಿನಗಳಲ್ಲಿ ಸಂಪುಟದ ಇನ್ನೂ ಆರು ಮಂದಿ ಸಚಿವರು, ತಮ್ಮ ಬಗ್ಗೆ ಮಾನಹಾನಿಯಾಗುವಂತಹದ್ದೇನನ್ನೂ ಪ್ರಸಾರ ಮಾಡಬಾರದೆಂದು ಬೆಂಗಳೂರಿನ ನ್ಯಾಯಾಲಯಕ್ಕೆ ಹೋಗಿ ಹತ್ತಾರು ಮಾಧ್ಯಮ ಸಂಸ್ಥೆಗಳ ಮೇಲೆ ತಾತ್ಕಾಲಿಕ ಪ್ರತಿಬಂಧಕಾಜ್ಞೆ ತಂದರು. ಅದೇ ದಿನಗಳಲ್ಲಿ ಆ ದೃಶ್ಯದಲ್ಲಿದ್ದ ಯುವತಿ ಯಾರು, ಎಲ್ಲಿ ಓದಿದಳು, ಯಾವ ಪಿ.ಜಿ.ಯಲ್ಲಿದ್ದಳು ಎಂದು ವಾಹಿನಿಗಳು ಹುಡುಕಾಟ ನಡೆಸಿದ್ದವು. ಅಧಿಕಾರದಲ್ಲಿರುವ ಗಂಡಸಿಗೆ, ಏನೂ ಹೊರಬರುವ ಮೊದಲೇ, ನ್ಯಾಯಾಲಯದ ರಕ್ಷಣೆ ಸಿಗುತ್ತದೆ. ಹೆಣ್ಣಿಗೆ ಎಲ್ಲವೂ ಹೊರಬಂದ ಮೇಲೂ, ಸಂಸತ್ತೇ ಬರೆದ ಕಲಮಿನ ರಕ್ಷಣೆಯೂ ಸಿಗುವುದಿಲ್ಲ. ನಿಮ್ಮ ಸುದ್ದಿಮನೆ ತಡೆಯಾಜ್ಞೆಗೆ ಹೆದರಿತು ಎಂದಿರಲ್ಲ, 228ಎ ಕಲಮಿಗೆ ಏಕೆ ಹೆದರಲಿಲ್ಲ?

ರೇಟಿಂಗಿನ ಮಾತು. ರೇಟಿಂಗ್ ಹಗರಣದ ನಂತರ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ವಾಹಿನಿಗಳ ವಾರದ ರೇಟಿಂಗನ್ನು, ಟಿ.ವಿ. ವೀಕ್ಷಕರ ಸಂಖ್ಯೆ ಅಳೆಯುವ ಬಾರ್ಕ್ ಸಂಸ್ಥೆ ನಿಲ್ಲಿಸಿತ್ತು. ಅಂದರೆ ಆ ಸಿ.ಡಿ. ದಿನಗಳಲ್ಲಿ ಗುರುವಾರದ ಪಟ್ಟಿಯೇ ಇರಲಿಲ್ಲ. ಆದರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ ಓಡಿತು. ಆದ್ದರಿಂದ ಕಾರಣವನ್ನು ಬೇರೆಲ್ಲಾದರೂ ಹುಡುಕಬೇಕು.

ದೃಶ್ಯ ಬಾರದಿದ್ದರೆ ಶಿಕ್ಷೆಯಾಗುತ್ತಿರಲಿಲ್ಲ ಎಂಬುದನ್ನೂ ಪೂರ್ತಿ ಒಪ್ಪಲಾರೆ. ದೃಶ್ಯ ಪೊಲೀಸರಿಗೆ ತಲುಪುವುದು ಒಂದು, ಬಸ್ ನಿಲ್ದಾಣಕ್ಕೆ ತಲುಪುವುದು ಇನ್ನೊಂದು. ನ್ಯಾಯಾಲಯದಲ್ಲಿ ನಿಂತದ್ದು ಆಕೆಯ ಸಾಕ್ಷ್ಯ ಮತ್ತು ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ವಾಟ್ಸ್ಆ್ಯಪ್‌ನಲ್ಲಿ ನೋಡಿದ ಲಕ್ಷ ಜನರಲ್ಲಿ ಒಬ್ಬರೂ ಸಾಕ್ಷಿ ಹೇಳಲು ಬರಲಿಲ್ಲ.

ವಾಹಿನಿ ಬಿಟ್ಟ ವರದಿಗಾರ, ಬೆಂಗಳೂರು

ಮೇಡಂ, ರೇಟಿಂಗ್ ಇಲ್ಲದ ಆ ಕಾಲದಲ್ಲಿ ನಾನು ಒಳಗೇ ಇದ್ದೆ. ಆಗಲೂ ಹಾಗೇ ನಡೆದದ್ದಕ್ಕೆ ಕಾರಣ ಖರ್ಚು. ಊರಿಗೆ ವರದಿಗಾರನನ್ನೂ ಕ್ಯಾಮೆರಾದವನನ್ನೂ ಕಾರು ಕೊಟ್ಟು ಕಳುಹಿಸಿದರೆ ದಿನದ ಕೊನೆಗೆ ಸಿಗುವುದು ನಾಲ್ಕು ನಿಮಿಷದ ಸುದ್ದಿ. ಯಾರೋ ಕಳುಹಿಸಿದ ಮೊಬೈಲ್ ದೃಶ್ಯಕ್ಕೆ ಒಂದು ರೂಪಾಯಿಯೂ ಇಲ್ಲ. ಅದನ್ನು ತಿರುಗಿಸಿ ತಿರುಗಿಸಿ ಹಾಕುತ್ತಾ, ಸ್ಟುಡಿಯೊದಲ್ಲಿ ನಾಲ್ವರನ್ನು ಕೂರಿಸಿದರೆ ಇಡೀ ಸಂಜೆ ತುಂಬುತ್ತದೆ. ಜಿಲ್ಲೆಗಳಲ್ಲಿರುವ ಸ್ಟ್ರಿಂಗರ್‌ಗಳಿಗೆ, ಅಂದರೆ ಕಾಯಂ ಸಂಬಳವಿಲ್ಲದ ವರದಿಗಾರರಿಗೆ, ಕೊಡುವುದು ಸುದ್ದಿಗಿಷ್ಟು ಎಂಬ ಲೆಕ್ಕದಲ್ಲಿ. ಸಂತ್ರಸ್ತೆಯ ಮನೆಯ ಬಾಗಿಲನ್ನು ಚಿತ್ರೀಕರಿಸಿ ತಂದವನ ಸುದ್ದಿ ಓಡುತ್ತದೆ, ಬರಿಗೈಯಲ್ಲಿ ಬಂದವನ ದಿನ ಹಾಳು. 24 ಗಂಟೆ ತುಂಬಿಸಬೇಕಾದವನಿಗೆ ಪುಕ್ಕಟೆ ದೃಶ್ಯ ಸಿಕ್ಕಾಗ ಕಲಂಗಳು ನೆನಪಾಗುವುದಿಲ್ಲ ಎಂಬುದು ಸಮರ್ಥನೆಯಲ್ಲ, ನಡೆಯುವ ರೀತಿ.

ತುಮಕೂರಿನ ಶಿಕ್ಷಕಿ

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಾಸನದ ದೃಶ್ಯಗಳು ಹರಿದಾಡುತ್ತಿದ್ದ ವಾರಗಳಲ್ಲಿ ನಾನಿದ್ದ ಒಂದೆರಡು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓದಿದ ಮಾತುಗಳನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಆ ಮಾತುಗಳಲ್ಲಿ ಅಪರಾಧದ ಪ್ರಸ್ತಾಪವೇ ಇರಲಿಲ್ಲ. ಆ ಹೆಂಗಸರ ವಯಸ್ಸು, ಬಣ್ಣ, ಹೊಟ್ಟೆ, ಮೈಕಟ್ಟು ಇವೇ ಚರ್ಚೆ. ‘ಇಂಥವಳಿಗಾ’ ಎಂಬ ನಗು. ಸುಂದರವಾಗಿದ್ದರೆ ‘ಅವಳೇ ಹೋಗಿರಬೇಕು’, ಸಾಧಾರಣವಾಗಿದ್ದರೆ ‘ಇವಳ ಮೇಲೆ ಯಾರು ಕೈ ಹಾಕುತ್ತಾರೆ’. ಎರಡು ಕಡೆಯಿಂದಲೂ ಆಕೆಯ ಮಾತು ಸುಳ್ಳಾಗುವಂತೆ ದೇಹವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಈ ಬುದ್ಧಿಯನ್ನು ನಮ್ಮ ಜನ ಒಂದೇ ದಿನದಲ್ಲಿ ಕಲಿತದ್ದಲ್ಲ. ಪ್ರತಿ ವಾರಾಂತ್ಯ ಮನೆಮಂದಿಯೆಲ್ಲ ಕುಳಿತು ನೋಡುವ ಹಾಸ್ಯ ಕಾರ್ಯಕ್ರಮಗಳಲ್ಲಿ ದಪ್ಪಗಿರುವ ನಟಿಯನ್ನು ಗ್ಯಾಸ್ ಸಿಲಿಂಡರಿಗೆ, ಡ್ರಮ್ಮಿಗೆ ಹೋಲಿಸಿದಾಗ ತೀರ್ಪುಗಾರರು ಮೇಜು ತಟ್ಟಿ ನಗುತ್ತಾರೆ, ಆ ನಟಿಯೂ ನಗಬೇಕಾಗುತ್ತದೆ. ಮರುದಿನ ನನ್ನ ತರಗತಿಯಲ್ಲಿ ಅದೇ ಮಾತು ಒಬ್ಬ ಹುಡುಗಿಯ ಅಡ್ಡಹೆಸರಾಗುತ್ತದೆ. ಒಬ್ಬಾಕೆ ಮಧ್ಯಾಹ್ನದ ಬಿಸಿಯೂಟ ಬಿಟ್ಟಳು. ಕಾರಣ ತಿಳಿಯಲು ನಮಗೆ ಬಹಳ ದಿನ ಹಿಡಿಯಿತು.

2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಆ ವಯಸ್ಸಿನ, ಧಾರಾವಾಹಿಗಳಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಗೆ ತನ್ನ ದೇಹ ಸಾಲದು ಎಂದು ಅನ್ನಿಸಿದ್ದು ಎಲ್ಲಿಂದ ಎಂಬುದನ್ನು ಕೇಳಬಹುದಾಗಿತ್ತು. ನಾನು ಕಂಡಂತೆ ವಾಹಿನಿಗಳು ಹಿನ್ನೆಲೆ ಸಂಗೀತ ಹಾಕಿ ಆಕೆಯ ಇನ್‌ಸ್ಟಾಗ್ರಾಂ ಚಿತ್ರಗಳನ್ನೇ ಸುತ್ತಿ ಸುತ್ತಿ ತೋರಿಸಿದವು. ನಡುವಿನ ಬಿಡುವಿನಲ್ಲಿ ತೂಕ ಇಳಿಸುವ ಪುಡಿಯ ಜಾಹೀರಾತು ಬಂದದ್ದನ್ನೂ ನೋಡಿದೆ.

ಆರೋಪಿಯಾದ ಹೆಣ್ಣಿಗೂ ಬಿಡುಗಡೆಯಿಲ್ಲ. 2024ರ ಜೂನ್‌ನಲ್ಲಿ, ಚಿತ್ರದುರ್ಗದ ವ್ಯಕ್ತಿಯ ಕೊಲೆ ಪ್ರಕರಣದಲ್ಲಿ ಬಂಧಿತರಾಗಿದ್ದ ನಟಿ ಪವಿತ್ರಾ ಗೌಡ ಅವರನ್ನು ಸ್ಥಳ ಮಹಜರಿಗೆ ಮನೆಗೆ ಕರೆದೊಯ್ದು ತಂದಾಗ ತುಟಿಗೆ ಬಣ್ಣವಿತ್ತು ಎಂಬುದೇ ದಿನದ ಸುದ್ದಿಯಾಯಿತು. ಜೊತೆಗಿದ್ದ ಮಹಿಳಾ ಪಿಎಸ್‌ಐ ಒಬ್ಬರಿಗೆ ಮೇಲಧಿಕಾರಿಗಳು ನೋಟಿಸನ್ನೂ ಕೊಟ್ಟರು. ಅದೇ ಪ್ರಕರಣದಲ್ಲಿ ಬಂಧಿತರಾಗಿದ್ದ ಗಂಡಸರು ಗಡ್ಡ ಬೋಳಿಸಿದ್ದರೋ ಇಲ್ಲವೋ ಯಾರಿಗೂ ಬೇಕಾಗಲಿಲ್ಲ. ಪೊಲೀಸರು ಹೇಳುವಂತೆ ಆ ಕೊಲೆಗೆ ಮೂಲವಾದದ್ದು ಒಬ್ಬ ಹೆಣ್ಣಿಗೆ ಬಂದ ಅಶ್ಲೀಲ ಸಂದೇಶಗಳು. ಒಂದು ವರ್ಷದ ನಂತರ, 2025ರ ಜುಲೈನಲ್ಲಿ, ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ನಟಿ ರಮ್ಯಾ ಬರೆದಾಗ ಅವರಿಗೂ ಅಂಥವೇ ಸಂದೇಶಗಳು ಬಂದವು. 43 ಖಾತೆಗಳ ವಿವರದೊಂದಿಗೆ ಅವರು ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು, ಬಂಧನಗಳೂ ಆದವು. ಮಾಜಿ ಸಂಸದೆಯೂ ಹೆಸರಾಂತ ನಟಿಯೂ ಆದವರಿಗೆ ಆಯುಕ್ತರ ಕಚೇರಿಯ ಬಾಗಿಲು ತೆರೆಯಿತು, ಸಂತೋಷ. ನನ್ನ ಶಾಲೆಯ ಹುಡುಗಿಯ ತಾಯಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ದಾವಣಗೆರೆಯ ಸದಸ್ಯ

ಕ್ಷಮಿಸಿ, ಚರ್ಚೆ ಅತ್ಯಾಚಾರದ ವರದಿಗಾರಿಕೆಯಿಂದ ಹಾಸ್ಯ ಕಾರ್ಯಕ್ರಮಕ್ಕೆ, ಅಲ್ಲಿಂದ ತುಟಿಯ ಬಣ್ಣಕ್ಕೆ ಹೋಗಿದೆ. ದಪ್ಪಗಿರುವ ಗಂಡಸರನ್ನೂ, ತಲೆ ಬೋಳಾದವರನ್ನೂ ಅದೇ ವೇದಿಕೆಯಲ್ಲಿ ಗೇಲಿ ಮಾಡುತ್ತಾರೆ. ನಗುವಿಗೆ ನಗುವೆಂದಷ್ಟೇ ಬೆಲೆ ಕೊಡಬೇಕು. ಎಲ್ಲವನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ನಿಜವಾದ ಅಪರಾಧದ ತೂಕ ಕಡಿಮೆಯಾಗುವುದಿಲ್ಲವೇ?

ಧಾರವಾಡದ ವಕೀಲೆ

ತೂಕ ಬೇರೆ ಬೇರೆ ಎಂಬುದರಲ್ಲಿ ನಿಮ್ಮೊಂದಿಗೆ ತಕರಾರಿಲ್ಲ, ಶಿಕ್ಷೆಗಳೂ ಬೇರೆ ಬೇರೆ. ಆದರೆ ಬೋಳುತಲೆಯ ಗಂಡಸು ಠಾಣೆಗೆ ದೂರು ಕೊಡಲು ಹೋದಾಗ ಅವನ ತಲೆಯನ್ನು ನೋಡಿ ದೂರು ನಿಜವೋ ಸುಳ್ಳೋ ಎಂದು ಯಾರೂ ತೀರ್ಮಾನಿಸುವುದಿಲ್ಲ. ಹೆಣ್ಣಿನ ವಿಷಯದಲ್ಲಿ ಹಾಗಾಗುತ್ತದೆ. ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ನಡೆಸುವ ಪಾಟೀಸವಾಲಿನಲ್ಲಿ ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಬಲ್ ದೂರದರ್ಶನ ನಿಯಮಗಳ ಕಾರ್ಯಕ್ರಮ ಸಂಹಿತೆಯೂ ಹೆಣ್ಣಿನ ರೂಪ, ದೇಹಗಳನ್ನು ಆಕೆಯನ್ನು ಕೀಳಾಗಿಸುವಂತೆ ಚಿತ್ರಿಸಬಾರದು ಎಂದು ಬೇರೆಯಾಗಿಯೇ ಹೇಳಿದೆ. ನಿಯಮ ಬರೆದವರಿಗೆ ಇವೆರಡರ ನಂಟು ಕಂಡಿತ್ತು.

ನಮ್ಮ ಹುಬ್ಬಳ್ಳಿಯದನ್ನು ಹೇಳುತ್ತೇನೆ. 2024ರ ಏಪ್ರಿಲ್ 18ರಂದು ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬರ ಕೊಲೆಯಾಯಿತು. ಅಲ್ಲಿನ ಸಿಸಿಟಿವಿ ದೃಶ್ಯವನ್ನು, ಚಾಕು ಎತ್ತುವುದೂ ಇಳಿಯುವುದೂ ಸೇರಿದಂತೆ, ಎಲ್ಲರ ಮೊಬೈಲುಗಳಲ್ಲಿ ನೋಡಿದೆವು. ಆಕೆಯ ಹೆತ್ತವರೂ ಅದೇ ಊರಿನಲ್ಲಿದ್ದರು. ಆಮೇಲೆ ಹಳೆಯ ಭಾವಚಿತ್ರಗಳು ಹರಿದಾಡಿದವು. ಆಕೆಗೂ ಅವನಿಗೂ ಏನಿತ್ತು ಎಂಬ ಚರ್ಚೆ, ಏನೋ ಇದ್ದರೆ ಕೊಲೆ ಸ್ವಲ್ಪ ಕಡಿಮೆ ಕೊಲೆಯಾಗುತ್ತದೆ ಎಂಬಂತೆ. ತಿಂಗಳೊಳಗೆ, ಮೇ 15ರಂದು, ಅದೇ ಊರಿನ ವೀರಾಪುರ ಓಣಿಯಲ್ಲಿ ಬಡ ಮನೆಯ ಯುವತಿಯೊಬ್ಬರನ್ನು ನಸುಕಿನಲ್ಲಿ ಮನೆಗೇ ನುಗ್ಗಿ ಕೊಂದರು. ಮೊದಲೇ ಬೆದರಿಕೆಯಿದೆ ಎಂದು ಪೊಲೀಸರಿಗೆ ತಿಳಿಸಿದ್ದರೂ ಅವರು ಗಮನ ಕೊಡಲಿಲ್ಲವೆಂದು ಮನೆಯವರು ಹೇಳಿದರು, ಪೊಲೀಸ್ ಅಧಿಕಾರಿಗಳ ಅಮಾನತೂ ಆಯಿತು. ಎರಡೂ ಸುದ್ದಿಗಳಿಗೆ ಸಿಕ್ಕ ತಲೆಬರಹ ‘ಪಾಗಲ್ ಪ್ರೇಮಿ’. 2013ರಲ್ಲಿಯೇ ಹಿಂಬಾಲಿಸುವುದನ್ನು ಅಪರಾಧವೆಂದು ಕಾನೂನಿಗೆ ಸೇರಿಸಿದ್ದಾರೆ, ಈಗ ಅದು ನ್ಯಾಯ ಸಂಹಿತೆಯ 78ನೆಯ ಕಲಂ. ತಿಂಗಳುಗಟ್ಟಲೆ ಹಿಂಬಾಲಿಸಿದವನ ಮೇಲೆ ಏಕೆ ಕ್ರಮವಾಗಲಿಲ್ಲ ಎಂದು ಕೇಳುವ ವರದಿಗಳು ಅಲ್ಲೊಂದು ಇಲ್ಲೊಂದು ಬಂದವು. ಉಳಿದವಕ್ಕೆ ಪ್ರೇಮಕಥೆಯೇ ಸಾಕಾಗಿತ್ತು.

ದಾವಣಗೆರೆಯ ಸದಸ್ಯ

ಪಾಟೀಸವಾಲಿನ ಮಾತು ನನಗೆ ಹೊಸದು. ಆದರೂ ಹಾಸ್ಯವನ್ನು ನಿಷೇಧಿಸಿ ಎಂಬಲ್ಲಿಗೆ ಇದು ಹೋಗಬಾರದು ಎಂಬ ನನ್ನ ಆತಂಕ ಹಾಗೆಯೇ ಇದೆ. ಇರಲಿ. ನೋಡುಗನಾಗಿ ನಾನು ಏನು ಮಾಡಬಹುದು ಎಂದು ಯಾರಾದರೂ ಹೇಳಿದರೆ ಉಪಕಾರವಾದೀತು. ವಾಹಿನಿ ಬದಲಿಸಿ ಎನ್ನಬೇಡಿ, ಎಲ್ಲ ಕಡೆಯೂ ಅದೇ ಇರುತ್ತದೆ.

ಧಾರವಾಡದ ವಕೀಲೆ

2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ನಿಯಮಗಳಂತೆ ಮೂರು ಹಂತಗಳಿವೆ. ಮೊದಲು ವಾಹಿನಿಯ ದೂರು ವಿಭಾಗಕ್ಕೆ ಬರೆಯಬೇಕು. ಅವರು 15 ದಿನಗಳಲ್ಲಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಇನ್ನು 15 ದಿನಗಳಲ್ಲಿ ಆ ವಾಹಿನಿ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದರ ಮೇಲೆ ಕೇಂದ್ರ ಸರ್ಕಾರದ ಸಮಿತಿ. ಪತ್ರಿಕೆಗಳಾದರೆ ಭಾರತೀಯ ಪತ್ರಿಕಾ ಮಂಡಳಿ. ಪ್ರಸಾರದ ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಇವನ್ನು ಬರೆದಿಟ್ಟುಕೊಳ್ಳದೆ ಕೊಟ್ಟ ದೂರು ನಿಲ್ಲುವುದಿಲ್ಲ. ದೂರಿನಲ್ಲಿ ಸಂತ್ರಸ್ತೆಯ ಗುರುತನ್ನು ನೀವೇ ಮತ್ತೆ ಬರೆಯಬೇಡಿ, ‘ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಊರಿನ ಹೆಸರು ಹೇಳಲಾಯಿತು’ ಎಂದರೆ ಸಾಕು.

ಖಾಸಗಿ ದೃಶ್ಯಗಳಿಗೆ ದಾರಿ ಬೇರೆ. ನಗ್ನತೆ ಇರುವ ಅಥವಾ ತಿರುಚಿದ ಚಿತ್ರವನ್ನು ತೆಗೆಯಿರಿ ಎಂದು ಆಕೆ ಅಥವಾ ಆಕೆಯ ಪರವಾಗಿ ಯಾರಾದರೂ ಕೇಳಿದರೆ ಜಾಲತಾಣಗಳು ಕ್ರಮ ಕೈಗೊಳ್ಳಲೇಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇದಕ್ಕೆ 24 ಗಂಟೆಯ ಗಡುವು ಇಟ್ಟೇ ಬಂದವು. ಸೈಬರ್ ಅಪರಾಧದ ಸಹಾಯವಾಣಿ 1930, ಮಹಿಳಾ ಸಹಾಯವಾಣಿ 181. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಮಾತ್ರ ಈ ಯಾವ ದಾರಿಯೂ ತಡೆಯಲಾರದು, ಅದನ್ನು ಮುಚ್ಚಿಡುವುದಿಲ್ಲ.

ಹಾಸನದ ಓದುಗಿ

ತೀರ್ಪಿನ ದಿನದ ಒಂದು ಪ್ರಸಾರದ ಸಮಯವನ್ನು ನಾನು ಬರೆದಿಟ್ಟಿದ್ದೆ. ಆಗಲೇ ದೂರು ಕಳುಹಿಸಿದ್ದಕ್ಕೆ ವಾಹಿನಿಯಿಂದ ‘ನಾವು ಹೆಸರು ಹೇಳಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಿತ್ತು. ಮೇಲಿನ ಹಂತಕ್ಕೆ ಗಡುವು ಇದೆಯೆಂಬುದನ್ನು ಯಾರೂ ತಿಳಿಸಿರಲಿಲ್ಲ. ಮುಂದಿನ ಬಾರಿಗೆ ಈ ವಿವರ ಉಪಯೋಗಕ್ಕೆ ಬರುತ್ತದೆ. ಉಳಿದ ಪ್ರಕರಣಗಳ ತೀರ್ಪುಗಳೂ ಬರಲಿವೆಯಲ್ಲ. ಉಪಸಂಪಾದಕರಲ್ಲಿ ಒಂದು ವಿನಂತಿ: ಊರು, ಕೆಲಸ, ಕುಟುಂಬ ಯಾವುದನ್ನೂ ಹೇಳದೆ ಆ ಸುದ್ದಿಯನ್ನು ಬರೆಯಲು ಸಾಧ್ಯವಿತ್ತೇ? ದೂರಿನೊಂದಿಗೆ ಒಂದು ಮಾದರಿಯನ್ನು ಸೇರಿಸಿದರೆ ಅನುಕೂಲ.

ಮೈಸೂರಿನ ನಿವೃತ್ತ ಉಪಸಂಪಾದಕ

ನೋಡಿ, ಹೀಗೆ ಬರೆಯಬಹುದಿತ್ತು:

‘ಮಹಿಳೆಯೊಬ್ಬರ ಮೇಲೆ ಪದೇ ಪದೇ ಅತ್ಯಾಚಾರ ಎಸಗಿದ ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಶನಿವಾರ ಜೀವಾವಧಿ ಶಿಕ್ಷೆ ವಿಧಿಸಿತು. ಮಹಿಳೆಯ ಮೇಲೆ ಹಿಡಿತ ಹೊಂದಿದ ಸ್ಥಾನದಲ್ಲಿದ್ದುಕೊಂಡು ಅಪರಾಧ ಎಸಗಿದ್ದಾರೆ ಎಂಬ ಆರೋಪವೂ ಸಾಬೀತಾಗಿದೆ. ದಂಡದ ಮೊತ್ತದಲ್ಲಿ 11 ಲಕ್ಷ ರೂಪಾಯಿಗೂ ಹೆಚ್ಚನ್ನು ಸಂತ್ರಸ್ತೆಗೆ ಪರಿಹಾರವಾಗಿ ನೀಡಬೇಕೆಂದು ನ್ಯಾಯಾಲಯ ಆದೇಶಿಸಿತು. ಸಂತ್ರಸ್ತೆಯ ಸಾಕ್ಷ್ಯ ಮತ್ತು ಆಕೆಯ ಬಟ್ಟೆಯ ಮೇಲೆ ದೊರೆತ ಡಿಎನ್‌ಎ ಕುರುಹು ಪ್ರಾಸಿಕ್ಯೂಷನ್‌ಗೆ ಆಧಾರವಾದವು. ವಿಶೇಷ ತನಿಖಾ ತಂಡ 2024ರಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಿತ್ತು.’

ಬಟ್ಟೆಯ ಸಂಗತಿಯನ್ನು ಬೇಕೆಂದೇ ಉಳಿಸಿದ್ದೇನೆ. ವಾಹಿನಿಗಳು ಅದನ್ನು ರೋಚಕ ಕಥೆ ಮಾಡಿದವು, ಆದರೆ ಸಾಕ್ಷ್ಯವನ್ನು ಹಾಗೆಯೇ ಕಾದಿಟ್ಟರೆ ವರ್ಷಗಳ ನಂತರವೂ ಅದು ಮಾತನಾಡುತ್ತದೆ ಎಂಬುದು ಓದುವ ಇನ್ನೊಬ್ಬ ಹೆಣ್ಣುಮಗಳಿಗೆ ಗೊತ್ತಿರಬೇಕಾದ ವಿಷಯ.

ವಾಹಿನಿ ಬಿಟ್ಟ ವರದಿಗಾರ, ಬೆಂಗಳೂರು

ಈ ಪ್ರತಿಯನ್ನು ನಮ್ಮ ಡೆಸ್ಕಿಗೆ ಕಳುಹಿಸಿದ್ದರೆ ಐದು ನಿಮಿಷದಲ್ಲಿ ಫೋನು ಬರುತ್ತಿತ್ತು: ‘ಯಾವ ಊರು? ದೂರು ಯಾವ ಠಾಣೆಯಲ್ಲಿ? ಮನೆಯವರ ಬೈಟ್ ಎಲ್ಲಿ?’

ಮೈಸೂರಿನ ನಿವೃತ್ತ ಉಪಸಂಪಾದಕ

ಮೊದಲ ಕರಡಿನಲ್ಲಿ ಅಭ್ಯಾಸಬಲದಿಂದ ಠಾಣೆಯ ಹೆಸರು ಬಂದೇಬಿಟ್ಟಿತ್ತು. ಗ್ರಾಮಾಂತರ ಠಾಣೆಯೊಂದರ ವ್ಯಾಪ್ತಿಗೆ ಬರುವ ಊರುಗಳು ಎಣಿಸುವಷ್ಟೇ ಇರುತ್ತವೆ ಎಂದು ತೆಗೆದುಹಾಕಿದೆ. ಆ ಫೋನು ಬಂದರೆ, ಕೇಳಿದವರ ಹೆಸರು ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಈ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕಳುಹಿಸಿ ಎಂದು ಕೇಳಿ. ನಮ್ಮ ಕಾಲದಲ್ಲಿ ಯಾರೂ ಲಿಖಿತವಾಗಿ ಕಳುಹಿಸಿದ್ದನ್ನು ನಾನು ನೋಡಲಿಲ್ಲ.